ಬೌದ್ಧ ಅಧ್ಯಯನದ ಉನ್ನತ ಶಿಕ್ಷಣ: ಮುಂಡಗೋಡಿನ ಗೇಶೆ ಪದವಿ ಮತ್ತು ಕನ್ನಡ ವಿಭಾಗಗಳು

ವಚನಗಳ ‘ಶೂನ್ಯ’ಕ್ಕೂ ಬೌದ್ಧರ ಶೂನ್ಯತೆಗೂ ಇರುವ ಸಂಬಂಧವನ್ನು ಕುರಿತು ಕನ್ನಡ ಸಂಶೋಧನೆಯಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಪದಸಾಮ್ಯವೊಂದೇ ಇಂತಹ ಚರ್ಚೆಗೆ ಆಧಾರವಾಗಲಾರದು. ಮಾಧ್ಯಮಿಕ ದರ್ಶನದಲ್ಲಿ ಶೂನ್ಯತೆಯೆಂದರೆ ವಸ್ತುಗಳಿಗೆ ಸ್ವತಂತ್ರ ಸ್ವಭಾವವಿಲ್ಲವೆಂಬುದು. ಅವು ಕಾರಣಗಳನ್ನು ಅವಲಂಬಿಸಿ ಉಂಟಾಗುತ್ತವೆಯೆಂಬುದೇ ಅದಕ್ಕೆ ಪ್ರಮಾಣ. ಅಲ್ಲಮನ ಬಯಲಾದರೋ ಲಿಂಗಾಂಗ ಸಾಮರಸ್ಯದ ನೆಲೆ. ಇವುಗಳ ಸಾಮ್ಯ–ವೈಷಮ್ಯಗಳನ್ನು ನಿರ್ಣಯಿಸಲು ಎರಡೂ ಪರಂಪರೆಗಳ ಮೂಲಪಠ್ಯಗಳ ಅಭ್ಯಾಸ ಅಗತ್ಯ. ಈ ಅಭ್ಯಾಸ ಎಲ್ಲಿ, ಹೇಗೆ ಸಾಧ್ಯವೆಂಬುದನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪರಿಸರವನ್ನು ಗಮನದಲ್ಲಿರಿಸಿಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ಈ ಪರಿಸರಕ್ಕೆ ಧರ್ಮಗುರುಗಳ ವಿದ್ಯಾಭ್ಯಾಸದ ಪರಂಪರೆ ಹೊಸದಲ್ಲ. 1228ರ ಸವದತ್ತಿ ಶಾಸನದ ಜೈನಮುನಿ ಮುನಿಚಂದ್ರ ರಟ್ಟ ಅರಸರ ರಾಜಗುರುವಾಗಿದ್ದನು. ರಾಮದುರ್ಗಕ್ಕೆ ನೆರೆಯದಾದ ಬಾದಾಮಿ ತಾಲೂಕಿನಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರವು ಮಠಗಳಿಗಾಗಿ ವಟುಗಳನ್ನು ಸಿದ್ಧಗೊಳಿಸಿತು. ಬೌದ್ಧರ ಮಟ್ಟಿಗೆ, ಗದಗ ಜಿಲ್ಲೆಯ ಡಂಬಳದ 1095ರ ಶಾಸನವು ಸೆಟ್ಟಿಗಳು ಕಟ್ಟಿಸಿದ ವಿಹಾರವನ್ನೂ ತಾರಾದೇವಿಯನ್ನೂ ಉಲ್ಲೇಖಿಸುತ್ತದೆ. ವಿಹಾರವನ್ನು ಪೋಷಿಸಿದವರು ಗೃಹಸ್ಥ ವರ್ತಕರೆಂಬುದು ಗಮನಾರ್ಹ.

ಬೆಳಗಾವಿಗೆ ನೆರೆಯ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ 1966ರಲ್ಲಿ ಟಿಬೆಟನ್ ವಸತಿ ಆರಂಭವಾಯಿತು. ಡ್ರೆಪುಂಗ್ ಮತ್ತು ಗಾಂದೆನ್ ಮಹಾವಿಹಾರಗಳು ಅಲ್ಲಿ ಪುನಃ ಸ್ಥಾಪನೆಗೊಂಡವು. ಇಲ್ಲಿನ ಗೇಶೆ ಪದವಿಗೆ ಪ್ರಮಾಣ, ಪ್ರಜ್ಞಾಪಾರಮಿತಾ, ಮಾಧ್ಯಮಿಕ, ಅಭಿಧರ್ಮ, ವಿನಯ ಎಂಬ ಐದು ವಿಷಯಗಳಿವೆ. ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’, ಚಂದ್ರಕೀರ್ತಿಯ ‘ಮಧ್ಯಮಕಾವತಾರ’, ವಸುಬಂಧುವಿನ ‘ಅಭಿಧರ್ಮಕೋಶ’ ಮೊದಲಾದ ಭಾರತೀಯ ಗ್ರಂಥಗಳೇ ಇದರ ಪಠ್ಯ. ಅಭ್ಯಾಸಕ್ಕೆ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಬೇಕು. ನಿಂತು ಪ್ರಶ್ನಿಸುವವನಿಗೆ ಕುಳಿತವನು ಉತ್ತರಿಸುವ ವಾದವೇ ಮುಖ್ಯ ಪರೀಕ್ಷೆ. 2016ರ ಡಿಸೆಂಬರಿನಲ್ಲಿ 20 ಭಿಕ್ಷುಣಿಯರು ಮುಂಡಗೋಡಿನಲ್ಲಿಯೇ ಮೊದಲ ಬಾರಿಗೆ ಗೇಶೆಮಾ ಪದವಿಯನ್ನು ಸ್ವೀಕರಿಸಿದರು.

ಇದು ಸಂನ್ಯಸ್ತರಿಗೆ ಮೀಸಲಾದ ಕ್ರಮವಾಯಿತು. ಗೃಹಸ್ಥರ ಅಗತ್ಯವೂ ಕಡಿಮೆಯದಲ್ಲ. 1956ರಲ್ಲಿ ನಾಗಪುರದಲ್ಲಿ ಅಂಬೇಡ್ಕರರು ದೀಕ್ಷೆ ಪಡೆದ ತರುವಾಯ ಧಮ್ಮವನ್ನು ಆಚರಣೆಯಾಗಿ ಸ್ವೀಕರಿಸಿದ ಕುಟುಂಬಗಳು ಉತ್ತರ ಕರ್ನಾಟಕದಲ್ಲಿಯೂ ಇವೆ. ಅವರ ಮಕ್ಕಳು ತಮ್ಮ ಧರ್ಮವನ್ನು ಶಾಸ್ತ್ರವಾಗಿ ಓದಬಯಸಿದರೆ ಕನ್ನಡದಲ್ಲಿ ಅದಕ್ಕೆ ದಾರಿಯಿರಬೇಕು. ಸಾರನಾಥದಲ್ಲಿ 1967ರಲ್ಲಿ ಸ್ಥಾಪಿತವಾದ ಟಿಬೆಟನ್ ಉನ್ನತ ಅಧ್ಯಯನ ಸಂಸ್ಥೆಯು ಭಿಕ್ಷುಗಳಿಗೂ ಗೃಹಸ್ಥ ವಿದ್ಯಾರ್ಥಿಗಳಿಗೂ ಶಾಸ್ತ್ರೀ, ಆಚಾರ್ಯ ಪದವಿಗಳನ್ನು ನೀಡುತ್ತದೆ. ಈ ಮಾದರಿ ನಮ್ಮಲ್ಲಿಯೂ ವಿಚಾರಾರ್ಹ.

ಡಂಬಳದ ಶಾಸನವನ್ನು ಓದಬಲ್ಲವನು ಕನ್ನಡ ಎಂ.ಎ. ವಿದ್ಯಾರ್ಥಿ, ಅದರ ಹಿಂದಿನ ದರ್ಶನವನ್ನು ವಿವರಿಸಬಲ್ಲವನು ಗೇಶೆ. ಇಬ್ಬರ ನಡುವೆ ಸಮಾನ ಭಾಷೆಯಿಲ್ಲ. 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯ ಕನ್ನಡ ವಿಭಾಗಗಳು ಎರಡು ಕಾರ್ಯಗಳನ್ನು ಕೈಗೊಳ್ಳಬಹುದು: ಮೇಲಿನ ಐದು ವಿಷಯಗಳ ಪಾರಿಭಾಷಿಕ ಪದಗಳಿಗೆ ಕನ್ನಡದಲ್ಲಿ ಅರ್ಥಕೋಶವನ್ನು ಸಿದ್ಧಪಡಿಸುವುದು, ಮುಂಡಗೋಡಿನ ವಿದ್ವಾಂಸರ ನೆರವಿನಿಂದ ಒಂದು ಐಚ್ಛಿಕ ಪತ್ರಿಕೆಯನ್ನು ಬೋಧಿಸುವುದು. ಶೂನ್ಯದ ಚರ್ಚೆ ಊಹೆಯಿಂದ ಪಠ್ಯಕ್ಕೆ ಸರಿಯಬೇಕಾದರೆ ಇಷ್ಟಾದರೂ ಆಗಬೇಕು.