ಪ್ರಸಾದದ ವೇಳೆ ಮೌನವೇಕೆ?

ಧ್ವನಿಪೆಟ್ಟಿಗೆಯು ನುಡಿಗಷ್ಟೇ ಮೀಸಲಾದ ಅಂಗವಲ್ಲ; ಉಸಿರಿನ ದಾರಿಯನ್ನು ಕಾಯುವುದು ಅದರ ಮೊದಲ ಕಾಯಕ. ಅಲ್ಲಿನ ಸ್ನಾಯುಗಳು ಸಂಕುಚಿಸುವುದು ಮಯೋಸಿನ್ ಎಂಬ ಪ್ರೋಟೀನಿನ ಬಲದಿಂದ. ಈ ಪ್ರೋಟೀನಿನಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು.

1ನೆಯ ಬಗೆಯದು ನಿಧಾನವಾದರೂ ಬೇಗ ದಣಿಯದು. ಪ್ರತಿ ಉಸಿರಿಗೂ ಧ್ವನಿತಂತುಗಳನ್ನು ತೆರೆಯುವ ಹಿಂಬದಿಯ ಸ್ನಾಯುವಿನಲ್ಲಿ ಇದು ಅಧಿಕ. 2ನೆಯ ಬಗೆಗೆ ಸೇರಿದ 2ಎ ಮತ್ತು 2ಎಕ್ಸ್ ಶೀಘ್ರಗತಿಯವು. ತಂತುಗಳನ್ನು ಮುಚ್ಚುವ ಸ್ನಾಯುಗಳಲ್ಲಿ ಇವು ಅಧಿಕ. ತುತ್ತು ನುಂಗುವ ಕ್ಷಣದಲ್ಲಿ ಈ ಬಾಗಿಲು ಥಟ್ಟನೆ ಮುಚ್ಚದಿದ್ದರೆ ಅನ್ನದ ಅಗುಳು ಶ್ವಾಸನಾಳವನ್ನು ಸೇರೀತು.

ಮಾತನಾಡುವಾಗ ತಂತುಗಳ ನಡುವೆ ಗಾಳಿ ಹಾಯಬೇಕು. ನುಂಗುವಾಗ ಅವು ಬಿಗಿಯಾಗಿ ಮುಚ್ಚಿರಬೇಕು. ಎರಡೂ ಏಕಕಾಲಕ್ಕೆ ಸಾಧ್ಯವಿಲ್ಲ. ಮೇಲಾಗಿ, ವಯಸ್ಸಾದಂತೆ ಈ ಸ್ನಾಯುಗಳು ಕೃಶವಾಗುತ್ತವೆ. ದನಿ ಕುಗ್ಗುತ್ತದೆ, ಉಣ್ಣುವಾಗ ನೆತ್ತಿಗೇರುವ ಸಂಭವವೂ ಹೆಚ್ಚುತ್ತದೆ.

ಆದುದರಿಂದ ಸದ್ಭಕ್ತರು ಪ್ರಸಾದ ಸ್ವೀಕರಿಸುವಾಗ ಮೌನವಾಗಿರುವುದು ಆರೋಗ್ಯಕ್ಕೂ ಹಿತ. ಹಿರಿಯರು ನೆಟ್ಟಗೆ ಕುಳಿತು ಸಣ್ಣ ತುತ್ತುಗಳನ್ನು ಅಗಿದು ನುಂಗಬೇಕು. ಪದೇ ಪದೇ ನೆತ್ತಿಗೇರುತ್ತಿದ್ದರೆ, ಇಲ್ಲವೇ ಗೊಗ್ಗರು ದನಿ 3 ವಾರಗಳಾದರೂ ಸರಿಹೋಗದಿದ್ದರೆ, ಕಿವಿ-ಮೂಗು-ಗಂಟಲು ತಜ್ಞರನ್ನು ತಡಮಾಡದೆ ಕಾಣಬೇಕು.