ರಸ್ತೆ ಸುದ್ದಿ ಬರೆಯುವ ಮುನ್ನ

ತಮ್ಮಾ,

ನಿನ್ನ ತಾಲ್ಲೂಕಿನ ರಸ್ತೆ ಕಾಮಗಾರಿಯ ಬಿಲ್ಲುಗಳು ಕೈಗೆ ಸಿಕ್ಕಿವೆ, ಏನಾದರಾಗಲಿ ಬರೆದೇ ಬಿಡುತ್ತೇನೆ ಎಂದಿದ್ದೀಯ. ಬರೆ. ಬೇಡ ಎನ್ನುವವನು ನಾನಲ್ಲ. ಆದರೆ ‘ಏನಾದರಾಗಲಿ’ ಎಂಬ ಮಾತು ನನಗೆ ಹಿಡಿಸಲಿಲ್ಲ. ಏನೇನಾಗಬಹುದು ಎಂದು ಮೊದಲು ಲೆಕ್ಕ ಹಾಕು.

ಮುಕೇಶ್ ಚಂದ್ರಾಕರ್ ಹೆಸರು ಕೇಳಿರುತ್ತೀಯ. ಊರು ಬಿಜಾಪುರ. ನಮ್ಮದಲ್ಲ, ಛತ್ತೀಸ್‌ಗಢದ ಬಸ್ತರ್ ಸೀಮೆಯದು. ‘ಬಸ್ತರ್ ಜಂಕ್ಷನ್’ ಎಂಬ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದ, ದೊಡ್ಡ ಚಾನೆಲ್‌ಗಳಿಗೂ ಸುದ್ದಿ ಕೊಡುತ್ತಿದ್ದ. 2021ರಲ್ಲಿ ಮಾವೋವಾದಿಗಳ ಸೆರೆಯಲ್ಲಿದ್ದ ಸಿಆರ್‌ಪಿಎಫ್ ಯೋಧನನ್ನು ಬಿಡಿಸಿ ತರಲು ನೆರವಾದವರಲ್ಲಿ ಅವನೂ ಒಬ್ಬ. ಅಂಥವನ ಜೀವ ಹೋದದ್ದು ಕಾಡಿನಲ್ಲಲ್ಲ, ಊರಿನಲ್ಲೇ. ಸುಮಾರು 120 ಕೋಟಿ ರೂಪಾಯಿಯ ರಸ್ತೆ ಕಳಪೆ ಎಂಬ, ಅವನೂ ಕೈಜೋಡಿಸಿದ್ದ ವರದಿ 2024ರ ಡಿಸೆಂಬರ್ ಕೊನೆಗೆ ಪ್ರಸಾರವಾಯಿತು, ತನಿಖೆಗೂ ಆದೇಶವಾಯಿತು. 2025ರ ಜನವರಿ 1ರಂದು ಅವನು ಕಾಣೆಯಾದ. 3ರಂದು ಆ ರಸ್ತೆಯ ಗುತ್ತಿಗೆದಾರನ ಜಾಗದಲ್ಲಿ, ಹೊಸ ಕಾಂಕ್ರೀಟ್ ಹಾಕಿ ಮುಚ್ಚಿದ್ದ ಸೆಪ್ಟಿಕ್ ಟ್ಯಾಂಕಿನಲ್ಲಿ ಶವ ಸಿಕ್ಕಿತು. ಪೊಲೀಸರು ಹಿಡಿದ ಆರೋಪಿಗಳಲ್ಲಿ ಮುಕೇಶನ ಸಂಬಂಧಿಕರೂ ಇದ್ದರು.

ಪತ್ರಕರ್ತರ ರಕ್ಷಣೆಗೆಂದೇ ಆ ರಾಜ್ಯದ ವಿಧಾನಸಭೆ 2023ರಲ್ಲಿ ಮಸೂದೆ ಅಂಗೀಕರಿಸಿತ್ತು. ಇರಲಿ.

ರಾಜಧಾನಿಯಿಂದ ಬಂದ ವರದಿಗಾರ ಸುದ್ದಿ ಮುಗಿಸಿ ಕಾರು ಹತ್ತುತ್ತಾನೆ. ನೀನು ಮರುದಿನ ಬೆಳಿಗ್ಗೆ ಗುತ್ತಿಗೆದಾರನ ಕಡೆಯವರು ಕೂತಿರುವ ಹೋಟೆಲಿನಲ್ಲೇ ಚಹಾ ಕುಡಿಯಬೇಕು. ಅವರಲ್ಲೊಬ್ಬ ನಿನ್ನ ಸೋದರಮಾವನ ಮಗನೂ ಆಗಿರಬಹುದು. ನಿನ್ನಂಥವರಿಗೆ ಸಂಬಳವಿಲ್ಲ, ನೇಮಕದ ಆದೇಶವಿಲ್ಲ. ಅದರ ಮೇಲೆ ರಾಜ್ಯೋತ್ಸವದ ಪುರವಣಿಗೆ ಅದೇ ಗುತ್ತಿಗೆದಾರನಿಂದ ಜಾಹೀರಾತು ತಾ ಎನ್ನುವ ಪತ್ರಿಕೆಗಳಿವೆ! ಹಳ್ಳಿ ವರದಿಗಾರರ ಧೈರ್ಯವನ್ನು ಸಭೆಗಳಲ್ಲಿ ಹೊಗಳುವ ಸಂಪಾದಕರನ್ನು ಕಂಡಾಗ ನನಗೆ ಸಿಟ್ಟು ಬರುವುದು ಇದಕ್ಕೇ. ವೀರಗಲ್ಲು ನೆಡಲು ಮುಂದಾಗುವವರು ಗುರುತಿನ ಚೀಟಿ ಕೊಡಲು ಹಿಂದೆಮುಂದೆ ನೋಡುತ್ತಾರೆ.

ಹಾಗಾಗಿ ಸುದ್ದಿ ನಿನ್ನೊಬ್ಬನ ಬಳಿಯೇ ಉಳಿಯುವುದು ಬೇಡ. ಮಾಲ್ಟಾ ದೇಶದ ಪತ್ರಕರ್ತೆ ಡಾಫ್ನಿ ಕರುವಾನಾ ಗಲಿಜಿಯಾ ಮಂತ್ರಿಗಳ ಗುಪ್ತ ವ್ಯವಹಾರಗಳನ್ನು ಹೆಚ್ಚುಕಡಿಮೆ ಒಬ್ಬಳೇ ಬರೆದಳು. ಅವಳ ಮೇಲೆ ಮಾನನಷ್ಟದ ಹತ್ತಾರು ದಾವೆಗಳಿದ್ದವು. 2017ರ ಅಕ್ಟೋಬರ್ 16ರಂದು ಕಾರಿಗೆ ಬಾಂಬಿಟ್ಟು ಕೊಂದರು. ಮರುವರ್ಷ ಹಲವು ದೇಶಗಳ ಪತ್ರಕರ್ತರು ಕೂಡಿ ಅವಳು ಬಿಟ್ಟುಹೋದ ಕೆಲಸವನ್ನು ಮುಂದುವರಿಸಿದರು. ಅವಳ ಕೊಲೆಯ ತನಿಖೆ ಅಧಿಕಾರದ ಒಳಮನೆಗೇ ತಲುಪಿ, 2020ರ ಜನವರಿಯಲ್ಲಿ ಪ್ರಧಾನಿ ಜೋಸೆಫ್ ಮಸ್ಕಟ್ ಕುರ್ಚಿ ಬಿಡಬೇಕಾಯಿತು. ಆ ಪತ್ರಕರ್ತರು ಅವಳು ಬದುಕಿದ್ದಾಗಲೇ ಕೂಡಿದ್ದರೆ ಎಂದು ನನಗೆ ಅನ್ನಿಸುತ್ತದೆ.

ನೀನು ಈಗಲೇ ಕೂಡಿಸು. ಪಕ್ಕದ ತಾಲ್ಲೂಕಿನ ಇಬ್ಬರನ್ನು, ಅವರು ಬೇರೆ ಪತ್ರಿಕೆಯವರಾದರೂ ಸರಿ, ಜೊತೆಗೆ ಸೇರಿಸಿಕೊ. ಒಂದೇ ದಿನ ಮೂರು ಕಡೆ ಅಚ್ಚಾಗಲಿ. ಬಿಲ್ಲುಗಳ ಪ್ರತಿ ಜಿಲ್ಲಾ ಕೇಂದ್ರದ ಒಬ್ಬ ವಕೀಲರ ಬಳಿ ಇರಲಿ. ಗುತ್ತಿಗೆದಾರನ ಹೇಳಿಕೆಯನ್ನು ಲಿಖಿತವಾಗಿ ಕೇಳು. ‘ಬಾ, ಕೂತು ಮಾತಾಡೋಣ’ ಎಂದು ಯಾರೇ ಕರೆದರೂ, ಬಂಧುವೇ ಆದರೂ, ಒಬ್ಬನೇ ಹೋಗಬೇಡ.

ಇನ್ನೊಂದು: ಬಿಲ್ಲು ಮಾತ್ರ ಸಾಲದು, ಕಾಮಗಾರಿಯ ಅಳತೆ ಪುಸ್ತಕವೂ ಬೇಕು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕು. ಉತ್ತರಕ್ಕೆ 30 ದಿನ ಕೊಡಬೇಕು. ಅಷ್ಟರಲ್ಲಿ ರಸ್ತೆಯ ಫೋಟೊಗಳನ್ನೂ ಬಿಲ್ಲುಗಳ ನಕಲನ್ನೂ ನನಗೆ ಕಳಿಸು, ಕೂತು ನೋಡುತ್ತೇನೆ.

ಇಂತಿ,
ನಿನ್ನ ಹಿರಿಯ