ಬಿಡಬಹುದಾದುದು, ಬಿಡಬಾರದುದು: ಸಂವಿಧಾನ ರಚನೆಯ ಒಂದು ಪಾಠ

ತತ್ತ್ವನಿಷ್ಠನಾದವನು ಯಾರೊಡನೆಯೂ ರಾಜಿಯಾಗಲಾರನೆಂದೂ, ರಾಜಿಯಾದವನು ತತ್ತ್ವವನ್ನು ಮಾರಿಕೊಂಡನೆಂದೂ ಜನರು ಸಾಮಾನ್ಯವಾಗಿ ಆಡುವುದುಂಟು. ಸಂಸಾರಿಗಳಾದ ನಮಗೆ ಈ ಮಾತು ನಿತ್ಯವೂ ತೊಡಕನ್ನು ತಂದೊಡ್ಡುತ್ತದೆ. ಅಣ್ಣತಮ್ಮಂದಿರು ಹೊಲಮನೆಗಳನ್ನು ಪಾಲು ಮಾಡಿಕೊಳ್ಳುವಾಗ, ಬೀಗರೊಡನೆ ಮಾತುಕತೆ ನಡೆಸುವಾಗ, ಊರ ಹಿರಿಯರು ಕುಳಿತು ವ್ಯಾಜ್ಯ ತೀರಿಸುವಾಗ, ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ಪ್ರಶ್ನೆ ಏಳದೆ ಇರದು. ಇದೇ ಪ್ರಶ್ನೆಯನ್ನು ಒಂದು ದೇಶವೇ ಎದುರಿಸಿದ ಸಂದರ್ಭವೊಂದನ್ನು ಇಲ್ಲಿ ವಿಚಾರಿಸೋಣ. ಅದು ನಮ್ಮ ಭಾರತದ ಸಂವಿಧಾನವು ರಚಿತವಾದ ಸಂದರ್ಭ.

ರಾಜ್ಯಾಂಗ ರಚನಾ ಸಭೆಯು ದೆಹಲಿಯಲ್ಲಿ ಮೊದಲು ಸೇರಿದುದು ೧೯೪೬ನೆಯ ಡಿಸೆಂಬರ್ ೯ರಂದು. ಸಂವಿಧಾನವನ್ನು ಅಂಗೀಕರಿಸಿದುದು ೧೯೪೯ನೆಯ ನವೆಂಬರ್ ೨೬ರಂದು. ಬಾಬು ರಾಜೇಂದ್ರ ಪ್ರಸಾದರು ಸಭೆಯ ಅಧ್ಯಕ್ಷರು. ಡಾಕ್ಟರ್ ಅಂಬೇಡ್ಕರರು ಕರಡು ಸಮಿತಿಯ ಅಧ್ಯಕ್ಷರು. ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗ ರಾಯರು ಸಭೆಯ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಗೊಳಿಸಿದರು. ಎಸ್. ನಿಜಲಿಂಗಪ್ಪ, ಆರ್. ಆರ್. ದಿವಾಕರ, ಕೆ. ಹನುಮಂತಯ್ಯ, ಕೆ. ಚೆಂಗಲರಾಯ ರೆಡ್ಡಿ ಮೊದಲಾದ ಕನ್ನಡನಾಡಿನ ಮುಖಂಡರೂ ಆ ಸಭೆಯಲ್ಲಿದ್ದರು. ಕರಡಿಗೆ ಬಂದ ತಿದ್ದುಪಡಿಗಳು ಸುಮಾರು ೭,೬೩೫. ಅವುಗಳಲ್ಲಿ ಸಭೆಯ ಮುಂದೆ ಮಂಡಿತವಾದವು ೨,೪೭೩. ದೇಶವು ಇಬ್ಭಾಗವಾಗಿ, ನಿರಾಶ್ರಿತರು ಬೀದಿಗಳಲ್ಲಿ ತುಂಬಿದ್ದ ಕಾಲದಲ್ಲಿ ಈ ಕಾರ್ಯವು ನಡೆಯಿತೆಂಬುದನ್ನು ನಾವು ಮರೆಯಬಾರದು. ನಾನಾ ಮತ, ನಾನಾ ಭಾಷೆ, ನಾನಾ ಹಿತಗಳ ಜನರು ಒಂದೇ ಬರಹಕ್ಕೆ ಸಹಿ ಹಾಕಬೇಕಾಗಿದ್ದಿತು. ಪ್ರತಿಯೊಬ್ಬನೂ ಏನನ್ನಾದರೂ ಬಿಡದೆ ಅದು ಆಗುವಂತಿರಲಿಲ್ಲ.

ಮೊದಲು, ಅವರು ಬಿಡದೆ ಇದ್ದುದೇನು ಎಂಬುದನ್ನು ನೋಡೋಣ. ಅಸ್ಪೃಶ್ಯತೆಯನ್ನು ರದ್ದುಗೊಳಿಸುವ ವಿಧಿಯು ೧೯೪೮ನೆಯ ನವೆಂಬರ್ ೨೯ರಂದು ಸಭೆಯ ಮುಂದೆ ಬಂದಿತು. ಅದೇ ಇಂದಿನ ೧೭ನೆಯ ವಿಧಿ. ಯಾವ ರೂಪದಲ್ಲಿಯೂ ಅದರ ಆಚರಣೆ ಸಲ್ಲದೆಂದು ಅದು ವಿಧಿಸುತ್ತದೆ. ಆಚಾರದ ನೆಪದಿಂದಾಗಲಿ, ಸಂಪ್ರದಾಯದ ನೆಪದಿಂದಾಗಲಿ ವಿನಾಯಿತಿಯ ಒಂದು ಪದವನ್ನೂ ಅದರಲ್ಲಿ ಸೇರಿಸಲಿಲ್ಲ. ಹಾಗೆಯೇ ವಯಸ್ಕರೆಲ್ಲರಿಗೂ ಮತದಾನದ ಹಕ್ಕು. ೧೯೫೧ರ ಜನಗಣತಿಯಂತೆ ನೂರಕ್ಕೆ ಸುಮಾರು ಹದಿನೆಂಟು ಮಂದಿ ಮಾತ್ರ ಅಕ್ಷರಸ್ಥರಾಗಿದ್ದ ದೇಶವಿದು. ಆದರೂ ಓದುಬರಹವನ್ನಾಗಲಿ ಆಸ್ತಿಯನ್ನಾಗಲಿ ಮತದಾನಕ್ಕೆ ಅರ್ಹತೆಯಾಗಿ ಇಡಲಿಲ್ಲ. ೧೯೫೧–೫೨ರ ಮೊದಲನೆಯ ಮಹಾಚುನಾವಣೆಯಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ೧೭ ಕೋಟಿಗೂ ಮಿಕ್ಕಿದ್ದರು.

ಇನ್ನು ಬಿಟ್ಟುಕೊಟ್ಟುದರ ವಿಚಾರ. ಸಭೆಯನ್ನು ಬಹಳವಾಗಿ ಕಲಕಿದ ಪ್ರಶ್ನೆಗಳಲ್ಲೊಂದು ಭಾಷೆಯದು. ಹಿಂದಿಯೇ ಕೂಡಲೆ ರಾಷ್ಟ್ರಭಾಷೆಯಾಗಬೇಕೆಂದು ಉತ್ತರದ ಅನೇಕರು ಹಟ ಹಿಡಿದರು. ತಮ್ಮ ಮಕ್ಕಳು ಆಡಳಿತದಿಂದ ಹೊರಗುಳಿದಾರೆಂದು ದಕ್ಷಿಣದವರು ಅಂಜಿದರು. ಕಡೆಗೆ ೧೯೪೯ನೆಯ ಸೆಪ್ಟೆಂಬರ್ ೧೪ರಂದು, ಮುನ್ಷಿ ಮತ್ತು ಗೋಪಾಲಸ್ವಾಮಿ ಅಯ್ಯಂಗಾರರ ಹೆಸರನ್ನು ಪಡೆದ ಸೂತ್ರವು ಅಂಗೀಕೃತವಾಯಿತು. ಅದರಂತೆ ದೇವನಾಗರಿ ಲಿಪಿಯ ಹಿಂದಿಯು ಒಕ್ಕೂಟದ ಆಡಳಿತ ಭಾಷೆ. ‘ರಾಷ್ಟ್ರಭಾಷೆ’ ಎಂಬ ಮಾತಿಲ್ಲ. ಇಂಗ್ಲಿಷು ಹದಿನೈದು ವರ್ಷ ಮುಂದುವರಿಯಬೇಕು. ಅಂಕಿಗಳು ದೇವನಾಗರಿಯವಲ್ಲ, ಭಾರತೀಯ ಅಂಕಿಗಳ ಅಂತಾರಾಷ್ಟ್ರೀಯ ರೂಪದವು. ಕನ್ನಡವೂ ಸೇರಿದಂತೆ ಹದಿನಾಲ್ಕು ಭಾಷೆಗಳಿಗೆ ಎಂಟನೆಯ ಅನುಸೂಚಿಯಲ್ಲಿ ಸ್ಥಾನ. ಯಾರ ಮನಸ್ಸೂ ಪೂರ್ತಿಯಾಗಿ ತಣಿಯಲಿಲ್ಲ. ಆದರೆ ಇಬ್ಬರೂ ತಂತಮ್ಮದನ್ನೇ ಸ್ವಲ್ಪಸ್ವಲ್ಪ ಬಿಟ್ಟರೆಂಬುದನ್ನು ಇಲ್ಲಿ ಗಮನಿಸಬೇಕು.

ಭಕ್ತರಾದವರು ವಿಶೇಷವಾಗಿ ಮನನ ಮಾಡತಕ್ಕ ಪ್ರಸಂಗವೊಂದು ೧೯೪೯ನೆಯ ಅಕ್ಟೋಬರ್ ೧೭ರಂದು ನಡೆಯಿತು. ಸಂವಿಧಾನದ ಪ್ರಸ್ತಾವನೆಯು ದೇವರ ಹೆಸರಿನಿಂದ ಆರಂಭವಾಗಬೇಕೆಂದು ಎಚ್. ವಿ. ಕಾಮತರು ಸೂಚಿಸಿದರು. ಇದನ್ನು ವಿರೋಧಿಸಿದವರೆಲ್ಲ ನಾಸ್ತಿಕರೇನೂ ಅಲ್ಲ. ನಂಬಿಕೆಯು ಅಂತರಂಗದ ವಿಷಯ, ಅದನ್ನು ಯಾರ ಮೇಲೆಯೂ ಹೊರಿಸಬಾರದೆಂಬುದು ಅವರ ವಾದ. ದೇವರನ್ನು ಕೈಯೆತ್ತಿಸಿ ಎಣಿಸುವ ಸಂಕಟಕ್ಕೆ ನಮ್ಮನ್ನು ಗುರಿಮಾಡಬೇಡಿರೆಂಬ ಭಾವದಿಂದ ಪೂರ್ಣಿಮಾ ಬ್ಯಾನರ್ಜಿಯವರು ಬಿನ್ನವಿಸಿಕೊಂಡರು. ಆದರೂ ಮತಕ್ಕೆ ಹಾಕಲಾಗಿ, ಪರವಾಗಿ ೪೧, ವಿರುದ್ಧವಾಗಿ ೬೮ ಮತಗಳು ಬಂದು ಸೂಚನೆಯು ಬಿದ್ದುಹೋಯಿತು. ಆದರೆ ಅಧಿಕಾರ ವಹಿಸುವವರು ಸ್ವೀಕರಿಸುವ ಪ್ರಮಾಣವಚನದಲ್ಲಿ ಎರಡು ದಾರಿಗಳನ್ನು ಇರಿಸಲಾಯಿತು: ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೆ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಮಾಡಬಹುದು. ಆಸ್ತಿಕನ ಭಕ್ತಿಗೆ ಇದರಿಂದ ಕುಂದಿಲ್ಲ. ಹಾಗೆ ನಂಬದವನ ಮನಸ್ಸಾಕ್ಷಿಗೂ ಬಲಾತ್ಕಾರವಿಲ್ಲ.

ವಿರೋಧಿಯ ಮಾತಿಗೆ ಮನ್ನಣೆಯಿತ್ತ ಮತ್ತೊಂದು ನಿದರ್ಶನವು ಗ್ರಾಮ ಪಂಚಾಯತಿಯದು. ಹಳ್ಳಿಯೆಂದರೆ ಸಂಕುಚಿತತೆಯ, ಜಾತಿಭೇದದ ನೆಲೆಯೆಂದು ಅಂಬೇಡ್ಕರರು ೧೯೪೮ನೆಯ ನವೆಂಬರ್ ೪ರಂದು ಕಠಿಣವಾಗಿ ನುಡಿದಿದ್ದರು. ಗಾಂಧೀಜಿಯ ಅನುಯಾಯಿಗಳು ಇದರಿಂದ ನೊಂದರು. ಅದೇ ತಿಂಗಳ ೨೨ರಂದು ಕೆ. ಸಂತಾನಂ ಅವರು ಪಂಚಾಯತಿಗಳ ಪರವಾದ ತಿದ್ದುಪಡಿಯನ್ನು ತಂದಾಗ ಅಂಬೇಡ್ಕರರು ಅದನ್ನು ಒಪ್ಪಿಕೊಂಡರು. ಅದು ೪೦ನೆಯ ವಿಧಿಯಾಗಿ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಸೇರಿತು. ನ್ಯಾಯಾಲಯಕ್ಕೆ ಹೋಗಿ ಕೇಳಲಾಗದ, ಆದರೆ ಸರಕಾರವು ನಡೆಸಿಕೊಡಬೇಕಾದ ವಾಗ್ದಾನಗಳು ಈ ತತ್ತ್ವಗಳು.

ಎಲ್ಲ ರಾಜಿಗಳೂ ಹೀಗೆ ಒಳ್ಳೆಯವೇ ಆದುವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ನ್ಯಾಯಸಮ್ಮತವಾದ ಕ್ರಮದಿಂದಲ್ಲದೆ ಯಾರ ಸ್ವಾತಂತ್ರ್ಯವನ್ನೂ ಹರಣ ಮಾಡಲಾಗದೆಂಬ ರಕ್ಷಣೆಯನ್ನು ಮೊದಲು ಬಯಸಲಾಗಿತ್ತು. ನರಸಿಂಗ ರಾಯರು ಅಮೆರಿಕೆಗೆ ಹೋಗಿದ್ದಾಗ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರು ಇದರ ತೊಡಕುಗಳನ್ನು ಎತ್ತಿ ತೋರಿಸಿದರು. ಕಡೆಗೆ ‘ಕಾನೂನು ಗೊತ್ತುಪಡಿಸಿದ ಕ್ರಮ’ ಎಂಬ ಸಡಿಲವಾದ ಮಾತು ಉಳಿಯಿತು. ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ೨೨ನೆಯ ವಿಧಿಯು ಎಡೆಗೊಟ್ಟಿತು. ಅದರ ಫಲವಾಗಿ ೧೯೫೦ರಲ್ಲಿ ಎ. ಕೆ. ಗೋಪಾಲನ್ನರು ಶ್ರೇಷ್ಠ ನ್ಯಾಯಾಲಯಕ್ಕೆ ಮೊರೆಹೊಕ್ಕರೂ ಬಿಡುಗಡೆ ದೊರೆಯಲಿಲ್ಲ. ಗೊತ್ತುಪಡಿಸಿದ ಕ್ರಮವು ನ್ಯಾಯವಾದುದೂ ಆಗಿರಬೇಕೆಂದು ನ್ಯಾಯಾಲಯವು ಮೇನಕಾ ಗಾಂಧಿಯವರ ಪ್ರಕರಣದಲ್ಲಿ ಹೇಳಿದುದು ೧೯೭೮ರಲ್ಲಿ. ಅದುವರೆಗೆ ಈ ರಾಜಿಯ ಬೆಲೆಯನ್ನು ತೆತ್ತವರು ಸಭೆಯಲ್ಲಿ ಕುಳಿತಿದ್ದವರಲ್ಲ, ಸೆರೆಮನೆಯಲ್ಲಿ ಕುಳಿತವರು.

ವಿದ್ಯೆಯ ವಿಚಾರವೂ ಅಂತಹುದೇ. ಹದಿನಾಲ್ಕು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತವಾದ ಕಡ್ಡಾಯ ಶಿಕ್ಷಣವನ್ನು ಹತ್ತು ವರ್ಷಗಳೊಳಗೆ ಒದಗಿಸಲು ಪ್ರಯತ್ನಿಸಬೇಕೆಂದು ೪೫ನೆಯ ವಿಧಿಯಲ್ಲಿ ಬರೆದರು. ಅದನ್ನು ಹಕ್ಕಾಗಿ ಕೊಡಲಿಲ್ಲ. ೨೦೦೨ರ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವಯಸ್ಸಿನವರಿಗೆ ಅದು ಹಕ್ಕಾಯಿತು. ಕಾಯಿದೆಯು ಜಾರಿಗೆ ಬಂದುದು ೨೦೧೦ರಲ್ಲಿ. ನಡುವಣ ದಶಕಗಳಲ್ಲಿ ದನ ಕಾಯುತ್ತ, ಕೂಲಿ ಮಾಡುತ್ತ ಬೆಳೆದ ಮಕ್ಕಳು ಹಿರಿಯರ ಸಾಲವನ್ನು ತೀರಿಸಿದರು. ಪಂಚಾಯತಿಗಳ ವಾಗ್ದಾನಕ್ಕೂ ಬಲ ಬಂದುದು ೧೯೯೨ರ ೭೩ನೆಯ ತಿದ್ದುಪಡಿಯಿಂದಲೇ.

ಹೀಗೆ ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರವು ತಾನಾಗಿ ತೋರುತ್ತದೆ. ಭಾಷೆಯ ವಿಷಯದಲ್ಲಿ, ಪ್ರಮಾಣವಚನದ ವಿಷಯದಲ್ಲಿ, ಪಂಚಾಯತಿಯ ವಿಷಯದಲ್ಲಿ ಬಿಟ್ಟವರು ತಮ್ಮದನ್ನು ಬಿಟ್ಟರು: ತಮ್ಮ ಹಟವನ್ನು, ತಮ್ಮ ಇಷ್ಟವನ್ನು. ಅಂತಹ ಹೊಂದಾಣಿಕೆಯು ತತ್ತ್ವಕ್ಕೆ ಊನವಲ್ಲ; ಅದೊಂದು ಬಗೆಯ ತ್ಯಾಗ. ಅಸ್ಪೃಶ್ಯತೆಯಲ್ಲಿ ರಾಜಿಯಾಗಿದ್ದರೆ ಅವರು ಬಿಟ್ಟುಕೊಡುತ್ತಿದ್ದುದು ತಮ್ಮ ಹಕ್ಕನ್ನಲ್ಲ, ನೊಂದವರ ಮಾನವನ್ನು. ಅದನ್ನು ಬಿಡುವ ಅಧಿಕಾರ ಅವರಿಗಿರಲಿಲ್ಲ. ಅವರು ಬಿಡಲೂ ಇಲ್ಲ. ಬಂಧನದ ವಿಷಯದಲ್ಲಿ, ವಿದ್ಯೆಯ ವಿಷಯದಲ್ಲಿ ಎದುರಿಗಿಲ್ಲದವರ ಪಾಲನ್ನು ಬಿಟ್ಟುಕೊಟ್ಟುದರಿಂದಲೇ ಆ ರಾಜಿಗಳು ಬಹುಕಾಲ ಕುಟುಕಿದುವು.

ಅಂಬೇಡ್ಕರರು ೧೯೪೯ನೆಯ ನವೆಂಬರ್ ೨೫ರಂದು ತಮ್ಮ ಮುಕ್ತಾಯದ ಭಾಷಣದಲ್ಲಿ, ಮತದಲ್ಲಿ ಸಮಾನರಾಗಿಯೂ ಬಾಳಿನಲ್ಲಿ ಅಸಮಾನರಾಗಿಯೂ ಇರುವ ವಿರೋಧವನ್ನು ಬೇಗನೆ ನೀಗಬೇಕೆಂದು ಎಚ್ಚರಿಸಿದರು. ಧರ್ಮದಲ್ಲಿ ಭಕ್ತಿಯು ಮುಕ್ತಿಯ ಮಾರ್ಗವಾಗಬಹುದಾದರೂ ರಾಜಕಾರಣದಲ್ಲಿ ವ್ಯಕ್ತಿಭಕ್ತಿಯು ಸರ್ವಾಧಿಕಾರಕ್ಕೆ ದಾರಿಯೆಂದೂ ತಿಳಿಸಿದರು. ರಾಜಿಯಿಂದ ಹುಟ್ಟಿದ ಗ್ರಂಥವು ಅದನ್ನು ನಡೆಸುವವರ ನಡತೆಯನ್ನೇ ನೆಚ್ಚಿಕೊಂಡಿರುತ್ತದೆಂಬುದು ಅವರ ಅಭಿಪ್ರಾಯ.

ಮನೆಯಲ್ಲಾಗಲಿ ಊರಿನಲ್ಲಾಗಲಿ ಒಪ್ಪಂದಕ್ಕೆ ಕುಳಿತಾಗ ಸದ್ಗೃಹಸ್ಥನು ತನ್ನನ್ನು ತಾನು ಕೇಳಿಕೊಳ್ಳಲಿ: ನಾನು ಬಿಡುತ್ತಿರುವುದು ನನ್ನದೆ? ಅಥವಾ ಮಾತಾಡಲು ಇಲ್ಲಿ ಸ್ಥಳವಿಲ್ಲದ ವಿಧವೆಯದೋ, ಆಳಿನದೋ, ಕೂಸಿನದೋ? ನನ್ನದಾದರೆ ಸಂತೋಷದಿಂದ ಬಿಡಲಿ. ಪರರದಾದರೆ, ಎಷ್ಟೇ ಸಮಾಧಾನದ ಮಾತು ಕೇಳಿಬಂದರೂ, ಆ ಒಪ್ಪಂದಕ್ಕೆ ಕೈಹಾಕದೆ ಇರಲಿ.